ಯಂತ್ರದ ಮುಂದ ದ್ಯಾವಮ್ಮ ಹಿಡಿದ ಭಂಡಾರ

ಎಂಬತ್ನಾಕನೇ ಇಸವಿ, ಗಣಪತಿ ಹಬ್ಬ. ಆಗ ರಾಯಚೂರಿನ್ಯಾಗ ರೇಡಿಯೋ ರಿಪೇರಿ ಅಂದ್ರ ನಾನು, ನಾನು ಅಂದ್ರ ರೇಡಿಯೋ ರಿಪೇರಿ. ಬ್ಯಾರೆಯವ್ರೂ ಇದ್ರು ಅಂತಾರ, ಇರ್ಲಿ ಪಾಪ. ಆದ್ರ ನನ್ನ ಹೆಸರು ಹಬ್ಬಿದ್ದು ರಿಪೇರಿಗಿಂತ ಕಿತಾಪತಿಗೆ. ಒಂದ್ಸಲ ನಮ್ಮ ಓಣಿ ಸಾಹುಕಾರ್ರ ರೇಡಿಯೋಕ್ಕ ವೈರ್ ಎಳದು, ಗ್ವಾಡಿ ಆಚಿ ಕುಂತು ನಾನೇ ವಾರ್ತಾ ಓದಿದೆ. ಇನ್ಕಮ್ ಟ್ಯಾಕ್ಸಿನವ್ರು ನಮ್ಮ ಓಣಿಗೇ ಬರಾಕತ್ತ್ಯಾರ ಅಂದೆ. ಸಾಹುಕಾರ್ರು ಹಿತ್ತಲ ಗ್ವಾಡಿ ಹಾರಿ ಓಡಿದ್ರು. ಆ ಗ್ವಾಡಿ ಎತ್ತರ ನೋಡಿದ್ರ ನನಗ ಇವತ್ತಿಗೂ ಹೆಮ್ಮಿ ಆಗ್ತದ.

ಮಾನ್ವಿಯ ಖಾಜಾ ನನ್ನ ಜೀವದ ಗೆಳೆಯ. ಮೈಕ್ ಸೆಟ್ ಬಾಡಿಗಿಗೆ ಕೊಡ್ತಿದ್ದ. ಆ ವರ್ಷ ದೇವದುರ್ಗದ ಒಂದು ಗಣಪತಿ ಪೆಂಡಾಲಿನವ್ರು ಅವನಿಗೆ, "ಏನರ ಹೊಸಾದು ತೋರಸೋ ಮಾರಾಯ, ವರ್ಷಾ ಅದೇ ನೀರಿನ ಕಾರಂಜಿ ನೋಡಿ ಮಂದಿ ಬ್ಯಾಸತ್ತಾರ" ಅಂದಿದ್ರು. ಪೇಪರಿನ್ಯಾಗ ಆಗ ಕಂಪ್ಯೂಟರ್ ಸುದ್ದಿ ಬರಾಕತ್ತಿತ್ತು. ನಾ ಅಂದೆ, "ವಿಚಾರ ಮಾಡೋ ಯಂತ್ರ ಇಡೋಣು."

"ಹೆಂಗ ಮಾಡ್ತೀಲೇ?"

"ಒಂದು ತಗಡಿನ ಅಲಮಾರಿ, ಬಣ್ಣದ ಬಲ್ಬು, ಒಂದು ಸ್ಪೀಕರ್."

"ವಿಚಾರ ಯಾರು ಮಾಡ್ತಾರ?"

"ಒಳಗ ನಾ ಕುಂದರ್ತೀನಲ್ಲ!"

"ಹಂಗಾದ್ರ ವಿಚಾರ ಭಾಳ ಕಮ್ಮಿ ಇರ್ತದ ಬಿಡು" ಅಂದ ಖಾಜಾ.

ಅಲಮಾರಿ ಹಿಂದಿನ ತಗಡು ಕೊಯ್ದು ಬಾಗಲಾ ಮಾಡಿ, ಅದರ ಮ್ಯಾಲೆ ಪರದಾ ಬಿಟ್ವಿ. ಮುಂದ ನೋಡಾಕ ಎರಡು ತೂತು. ಮೈಕಿಗೆ ಖಾಲಿ ಡಬ್ಬಿ ಕಟ್ಟಿದ್ರ ನನ್ನ ಧ್ವನಿ ಬಾವಿಯೊಳಗಿಂದ ಬಂದಂಗ ಕೇಳ್ತಿತ್ತು. ಮಂದಿ ಹ್ಯಾಂಗ ಮುರಕೊಂಡು ಬಿದ್ರು ಅಂತೀರಿ! ಗಣಪತಿಗೆ ಒಂದು ಕೈ ಮುಗುದ್ರ ನನಗ ಎರಡು ಕೈ ಮುಗೀತಿದ್ರು.

ದಿನಾ ಸಂಜಿಗೆ ಅಲ್ಲಿ ದೊಡ್ಡ ವಾದ ನಡೀತಿತ್ತು. ಹೈಸ್ಕೂಲ್ ಮಾಸ್ತರ್ರು ಒಬ್ರು, ಮಠದ ಅಯ್ಯನವ್ರು ಒಬ್ರು, ನಡುವ ಅಲಮಾರಿಯೊಳಗ ನಾನು.

"ದೇವರು ಅದಾನೇನು?" ಅಂತ ಅಯ್ಯನವ್ರು ಕೇಳಿದ್ರು.

"ನನ್ನ ಮಾಡಿದಾವ ಅದಾನ. ಈಗ ಚಾ ಕುಡಿಯಾಕ ಹೋಗ್ಯಾನ" ಅಂದೆ.

"ಪಾಪ, ಪುಣ್ಯ ತಿಳೀತದೇನು ನಿನಗ?" ಅಂದ್ರು ಮಾಸ್ತರ್ರು.

"ಪಾಪ ಮಾಡಾಕ ನನಗ ಕೈ ಇಲ್ಲ, ಪುಣ್ಯ ಮಾಡಾಕ ಕಿಸೆ ಇಲ್ಲ."

ಪೆಂಡಾಲ್ ಹಾರಿ ಹೋಗೂವಂಗ ಚಪ್ಪಾಳಿ. ಮಾಸ್ತರ್ರು ಎದ್ದು ನಿಂತು, "ನೋಡ್ರಿ, ಇದಕ್ಕ ಜಾತಿ ಇಲ್ಲ, ಮತ ಇಲ್ಲ, ಲಂಚಾ ತಿನ್ನಾಕ ಹೊಟ್ಟಿ ಇಲ್ಲ. ಮುಂದ ಕೋರ್ಟಿನ್ಯಾಗ ಇಂಥದ್ದೇ ಕುಂತು ನ್ಯಾಯ ಹೇಳ್ತದ" ಅಂತ ಭಾಷಣ ಮಾಡಿದ್ರು. ಅಯ್ಯನವ್ರು, "ಜೀವ ಇಲ್ಲದ್ದು ಹೇಳಿದ್ದು ನ್ಯಾಯ ಹೆಂಗಾಗ್ತದ್ರೀ?" ಅಂದ್ರ ಮಂದಿ ಅವ್ರಿಗೇ ನಕ್ಕರು. ನಾನೂ ಒಳಗ ನಕ್ಕೆ.

ಮಾಸ್ತರ್ರ ಮಾತು ಊರು ತುಂಬ ಹರಡಿತು. ಮರುದಿನ ಮಧ್ಯಾಹ್ನ ದುರ್ಗಪ್ಪ ಅನ್ನಾಂವ ಬಂದ. ಕೇರಿಯವ. ಊರ ಹೊರಗ ದ್ಯಾವಮ್ಮನ ಕುರಿ ಹಟ್ಟ್ಯಾಗ ಕೂಲಿ ಮಾಡ್ತಿದ್ದ. ಹಟ್ಟಿಯ ದೊಡ್ಡ ಟಗರು ಕಳುವಾಗಿತ್ತು. ದ್ಯಾವಮ್ಮನ ತಮ್ಮ ಬೀರಪ್ಪ, "ಇವನೇ ಕಳ್ಳ" ಅಂತ ಊರೆಲ್ಲಾ ಸಾರಿದ್ದ. ಬೀರಪ್ಪನೂ, ಅವನ ಹಿಂದ ಒಂದು ದಂಡು ಮಂದಿಯೂ ಸಂಗಟ ಬಂದಿದ್ರು.

ದುರ್ಗಪ್ಪ ನನ್ನ ತೂತಿನ ಎದುರಿಗೇ ನಿಂತ. "ಯಪ್ಪಾ, ಆಣಿ ಮಾಡ್ತೀನಂದ್ರ ನನ್ನ ಗುಡಿಯೊಳಗ ಬಿಡವಲ್ರು. ಹೊರಗ ನಿಂತು ಮಾಡಿದ್ರ ಅದು ಆಣಿನೇ ಅಲ್ಲಂತಾರ. ನಿನಗ ಜಾತಿ ಇಲ್ಲಂತ. ನೀನರ ಹೇಳು, ನಾ ಕಳ್ಳ ಹೌದೋ ಅಲ್ಲೋ. ಈ ಹೆಸರು ಹೊತ್ಕೊಂಡು ನಾ ಯಾವ ಊರಾಗ ಕೂಲಿ ಕೇಳ್ಲಿ?"

ನನಗೇನು ಗೊತ್ತು? ಆದ್ರ ಆ ಮುಖ ನೋಡಿ ತಡೀಲಿಲ್ಲ. "ಇವ ಕಳ್ಳ ಅಲ್ಲ" ಅಂದ್ಬಿಟ್ಟೆ. ಏನು ಶಾಣ್ಯಾ ನಾನು, ಎಷ್ಟು ಛಲೋ ನ್ಯಾಯ ಹೇಳಿದೆ ಅಂತ ಮೀಸಿ ತಿರುವಾಕತ್ತಿದ್ದೆ, ಬೀರಪ್ಪ ಅಂದ, "ಸರಿ. ಇವ ಅಲ್ಲಂತ ಗೊತ್ತಿದ್ರ, ಯಾರಂತನೂ ಗೊತ್ತಿರಬೇಕಲ್ಲ? ಹೇಳು, ಕಳ್ಳ ಯಾರು?"

ಮಂದಿ, "ಹೌದೌದು, ಹೇಳಲಿ" ಅಂದ್ರು.

"ಹೇಳಲಿಲ್ಲಂದ್ರ ಈ ತಗಡು ಸುಳ್ಳು, ದುರ್ಗ್ಯಾನೇ ಕಳ್ಳ" ಅಂದ ಬೀರಪ್ಪ. "ಆವತ್ತು ಹಟ್ಟಿ ಕಡೆ ಹುಲುಗಪ್ಪ ಬಂದಿದ್ದ. ಅವನೇನು? ಹಾಲಿನ ಸಾಬಣ್ಣ ಬಂದಿದ್ದ. ಅವನೇನು?" ಹೆಸರು ಬಂದಂಗ ಬಂದಂಗ ಮಂದಿ ಕಣ್ಣು ಆ ಮನಷಾನ ಕಡೆ ತಿರಗತಿದ್ವು. ಹುಲುಗಪ್ಪ ಅಲ್ಲೇ ನಿಂತಿದ್ದ. ಅವನ ಮುಖ ಬಿಳಚಿಕೊಳ್ಳೋದು ತೂತಿನ್ಯಾಗ ನನಗ ಕಂಡಿತು.

ಸುಮ್ನಿದ್ರ ದುರ್ಗಪ್ಪ ಸತ್ತ. ಹೆಸರು ಹೇಳಿದ್ರ ಇನ್ನೊಬ್ಬ ಸತ್ತ. ಬಲ್ಬಿನ ಝಳಕ್ಕ ಮೈಯೆಲ್ಲಾ ಬೆವರು, ಬಾಯಿ ಒಣಗಿ ನಾಲಿಗಿ ಅಂಗುಳಕ್ಕ ಹತ್ತಿತ್ತು. ಊರಿಗೆಲ್ಲಾ ಮಾತು ಸಾಲ ಕೊಡೋ ನನ್ನ ಹತ್ರ ಒಂದು ಮಾತಿರಲಿಲ್ಲ. ಖಾಜಾ ಹೊರಗಿಂದ, "ಕರೆಂಟ್ ಸಾಲವಲ್ದ್ರೀ, ಯಂತ್ರ ಸುಸ್ತಾಗ್ಯದ" ಅಂತ ಒದ್ದಾಡಾಕತ್ತಿದ್ದ. ಯಾರೂ ಕೇಳಲಿಲ್ಲ.

ಆಗ ಮಂದಿ ಎರಡು ಹೋಳಾತು. ದ್ಯಾವಮ್ಮ ಬಂದ್ಲು. ಎತ್ತರದ ಆಳು, ಹೆಗಲ ಮ್ಯಾಲೆ ಕಂಬಳಿ, ಬಾಯಾಗ ತಂಬಾಕ. ಅಕಿ ಬಂದ್ರ ಅಕಿ ಟಗರೂ ದಾರಿ ಬಿಡ್ತಿದ್ವಂತ.

"ಏನೋ ಬೀರ್ಯಾ, ನನ್ನ ಟಗರು, ನನ್ನ ಕೇಳದನ ಪಂಚಾಯ್ತಿ?"

"ಯಕ್ಕಾ, ಇದು ನ್ಯಾಯ ಹೇಳ್ತದಂತ."

"ಹೇಳಲಿ ತಗೋ. ನಮ್ಮ ಹಟ್ಟ್ಯಾಗ ನ್ಯಾಯ ಹೇಳಾವ ಮೊದಲ ಏನು ಮಾಡಬೇಕು?"

ಬೀರಪ್ಪ ತಲಿ ತಗ್ಗಿಸಿದ. "ಭಂಡಾರ ಮುಟ್ಟಬೇಕು."

ದ್ಯಾವಮ್ಮ ಸೊಂಟದ ಚೀಲ ಬಿಚ್ಚಿ ಅಂಗೈಯಾಗ ಅರಿಷಿಣದ ಭಂಡಾರ ಸುರವಿಕೊಂಡು ನನ್ನ ಮುಂದ ಹಿಡದ್ಲು. "ಮುಟ್ಟಪಾ. ಕೈ ಇಲ್ಲಂದ್ರ ಬಾಯಿಲೆ ಹೇಳು. ಯಾತರ ಮ್ಯಾಲೆ ಆಣಿ ಮಾಡ್ತಿ? ಮಕ್ಕಳ ಮ್ಯಾಲೋ, ಹೊಲದ ಮ್ಯಾಲೋ, ಉಣ್ಣೋ ಅನ್ನದ ಮ್ಯಾಲೋ?"

ಮಾಸ್ತರ್ರು ನಡುವ ಬಂದ್ರು. "ಯವ್ವಾ, ಇದಕ್ಕ ಯಾವ ಆಸಿನೂ ಇಲ್ಲ. ಅದಕ್ಕೇ ಇದು ಸುಳ್ಳು ಹೇಳಂಗಿಲ್ಲ."

"ಆಸಿ ಇಲ್ಲದ್ದಕ್ಕ ಅಂಜಿಕಿ ಎಲ್ಲಿಂದ ಬರ್ತದ್ರೀ ಮಾಸ್ತರ? ನಾ ತಪ್ಪು ಹೇಳಿದ್ರ ಊರು ನನ್ನ ಮಾರಿಗೆ ಉಗುಳ್ತದ, ಉಂಡದ್ದು ಮೈಗೆ ಹತ್ತಂಗಿಲ್ಲ. ಇದಕ್ಕೇನು ಹೋಗ್ತದ?" ಅಂದು ತೂತಿನ ಹತ್ರ ಮುಖ ತಂದ್ಲು. "ಹೇಳು. ಆಣಿಗೆ ಇಡಾಕ ಏನದ ನಿನ್ನ ಹತ್ರ?"

"ಏನೂ ಇಲ್ಲ ಯವ್ವಾ" ಅಂದೆ.

"ಹಂಗಾದ್ರ ಸುಮ್ನ ಕುಂದ್ರು."

ಆಮ್ಯಾಲೆ ಮಂದಿ ಕಡೆ ತಿರುಗಿ, ಭಂಡಾರ ಹಣಿಗೆ ಹಚ್ಚಿಕೊಂಡ್ಲು. "ನನ್ನ ಟಗರು ಹೋಗಿದ್ದು ಖರೇ. ಯಾರು ಒಯ್ದ್ರು ನಾ ಕಂಡಿಲ್ಲ, ಕಾಣದನ ನಾ ಯಾರ ಹೆಸರೂ ಹೇಳಂಗಿಲ್ಲ. ದುರ್ಗಪ್ಪನ ಕೈಯಾಗ ನನ್ನ ಹಟ್ಟಿನೇ ಬಿಟ್ಟೀನಿ, ಮುಂದನೂ ಬಿಡ್ತೀನಿ. ಇದು ನನ್ನ ಮಕ್ಕಳ ಮ್ಯಾಲಿನ ಮಾತು."

ಉಳಿದ ಭಂಡಾರ ದುರ್ಗಪ್ಪನ ಮುಂದ ಚಾಚಿದ್ಲು. ಅವ ಹಿಂದ ಸರಿದ. "ಯವ್ವಾ, ನಾ ಮುಟ್ಟಬಹುದಾ?"

"ಮುಟ್ಟೋ. ನಿನ್ನ ಆಣಿ ನೀ ಮಾಡು. ನಿನಗ ಬಾಯಿ ಇಲ್ಲೇನು, ತಗಡಿನ ಕಡಿಂದ ಹೇಳಸ್ತಿ?"

ಅಕಿ ಅಂಗೈ ಒಳಗಿಂದನೇ ಅವ ಭಂಡಾರ ತಗೊಂಡ. "ನಾ ಕದ್ದಿಲ್ಲ" ಅಂದ, ಇಡೀ ಪೆಂಡಾಲಿಗೆ ಕೇಳೂವಂಗ. ಬೀರಪ್ಪನೂ ಬಂದು, ಆ ಆಣಿ ಒಪ್ಪಿದೆ ಅನ್ನೂವಂಗ ಭಂಡಾರ ಹಚ್ಚಿಕೊಂಡ. ಮಂದಿ ಗುಸುಗುಸು ಅನಕೋತ ಚದುರಿತು.

ನಾ ಒಳಗ ಕುಸುದು ಕುಂತಿದ್ದೆ. ಹಿಂದಿನ ಪರದಾ ಸರೀತು, ಬಾಗಲಾ ತೆಗೀತು. ದ್ಯಾವಮ್ಮ! ಕೈಯಾಗ ನೀರಿನ ತಂಬಿಗಿ. ಅಕಿ ಒಂದು ಕೂಗು ಹಾಕಿದ್ರ ಆ ಮಂದಿ ನನ್ನೂ, ಖಾಜಾನೂ ಅಲಮಾರಿ ಸಂಗಟ ಕೃಷ್ಣಾ ಹೊಳಿಗೆ ಒಗದು ಬರ್ತಿದ್ರು. ಅಕಿ ಕೂಗಲಿಲ್ಲ.

"ಕುಡಿ" ಅಂದ್ಲು.

ಕುಡದು, "ಒಳಗ ಮನಷಾ ಇದ್ದಾನಂತ ನಿಮಗ ಹೆಂಗ ಗೊತ್ತಾತ್ರೀ ಯವ್ವಾ?" ಅಂತ ಕೇಳಿದೆ.

"ಹೆಸರು ಹೇಳಂದಾಗ ಸುಮ್ನಾದ್ಯಲ್ಲ. ಬರೇ ತಗಡಾಗಿದ್ರ ಯಾವನದರ ಒಂದು ಹೆಸರು ಒದರಿ ಬಿಡ್ತಿತ್ತು. ಅಂಜಿದಿ, ಅದಕ್ಕ ಉಳದಿ" ಅಂದು, ತಂಬಿಗಿ ಇಸಗೊಂಡು ಹೋದ್ಲು.

ಟಗರು ಕಡೀಗೂ ಸಿಗಲಿಲ್ಲ. ದುರ್ಗಪ್ಪ ಮಾತ್ರ ಅಕಿ ಹಟ್ಟ್ಯಾಗೇ ಉಳದ. ಅವನ ಮಗಳು ಈಗ ಸಾಲಿ ಮಾಸ್ತರಮ್ಮ ಆಗ್ಯಾಳ.

ಈಗ ನಮ್ಮ ಮನ್ಯಾಗ ಮೊಮ್ಮಗಳು ಏನು ಬೇಕಾದ್ದು ಫೋನಿಗೆ ಕೇಳ್ತಾಳ, ಅದು ಪಟಪಟ ಹೇಳ್ತದ. ಒಳಗ ಯಾರೂ ಕುಂತಿಲ್ಲಂತ. ಭಾಳ ಶಾಣ್ಯಾ ಅದ, ಒಪ್ಪತೀನಿ. ನನ್ನಷ್ಟಲ್ಲ, ಆದ್ರೂ ಅದ. ಕಿತಾಪತಿ ನಾನೂ ಬಿಟ್ಟಿಲ್ಲ, ಸಾಯೋತನಕ ಬಿಡಂಗೂ ಇಲ್ಲ. ಆದ್ರ ಯಾರದರ ಮ್ಯಾಲೆ ತೀರ್ಪು ಹೇಳಂತ ಮಂದಿ ಕೇಳಿದಾಗ ನನ್ನ ಬಾಯಿ ತಾನೇ ಒಣಗ್ತದ. ನನಗ ಬೈಯದನ, ಬಯಲಿಗೆ ಎಳೀದನ, ಆ ಒಣಗಿದ ಬಾಯಿಗೆ ಒಂದು ತಂಬಿಗಿ ನೀರು ಕೊಟ್ಟ ಆ ತಾಯಿಗೆ ನಾ ಇನ್ನೂ ಋಣಿ. ಅಕಿ ಈಗ ಇಲ್ಲ. ಇದ್ದಿದ್ರ ಈ ಮಾತು ಅಕಿ ಎದುರಿಗೇ ಹೇಳ್ತಿದ್ದೆ, ಭಂಡಾರ ಮುಟ್ಟಿ.