ಜರ್ಮನಿಯಲ್ಲಿ ಸಿಗದ ಕುಣಿ

ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗದ ಕೆಳಗೆ ನೆಲ ಅಗೆದು ಕುಣಿ ಮಾಡಿದ್ದರು. ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿ, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ನೇಯಬೇಕು. ನೇಯುವವಳ ಸೊಂಟದ ಮೇಲಷ್ಟೇ ಲೋಕಕ್ಕೆ ಕಾಣುತ್ತಿತ್ತು. ನನ್ನಂಥ ನಾಚಿಕೆಯವಳಿಗೆ ಅದಕ್ಕಿಂತ ಒಳ್ಳೆಯ ಉದ್ಯೋಗ ಇರಲಿಲ್ಲ.

ಎಂಬತ್ತನೆಯ ಇಸವಿ ದಾಟಿದ ಮೇಲಿನ ಮಾತು. ಜರ್ಮನಿಯ ಒಂದು ಪ್ರದರ್ಶನದಲ್ಲಿ ಕೈಮಗ್ಗದ ನೇಯ್ಗೆ ತೋರಿಸಲು ನಿಮ್ಮ ಅಜ್ಜನನ್ನೂ ನನ್ನನ್ನೂ ಆರಿಸಿದರು. ಥಂಡಿಗೆ ಇರಲೆಂದು, ಹಳೆ ಸೀರೆಗಳ ತುಂಡು ಜೋಡಿಸಿ ನನ್ನ ಅವ್ವ ಹೊಲಿದ ಕೌದಿಯನ್ನು ಟ್ರಂಕಿಗೆ ತುರುಕಿದೆ.

"ವಿಮಾನದಾಗ ಕೌದಿ ಒಯ್ಯಾಕಿ ನೀನೊಬ್ಬಾಕಿನ ನೋಡು," ಎಂದು ಅಜ್ಜ ನಕ್ಕರು.

ಅಲ್ಲಿ ಇಳಿದ ಮೊದಲ ದಿನ ಬಚ್ಚಲಲ್ಲಿ ತಂಬಿಗೆ ಹುಡುಕಿದ್ದೇ ಆಯಿತು. ಕೊನೆಗೆ ಚಹಾದ ಕಪ್ಪಿನಿಂದಲೇ ಸ್ನಾನ ಮುಗಿಸಿದೆ. ರೂಮು ಎಷ್ಟು ಬೆಚ್ಚಗಿತ್ತೆಂದರೆ ಕೌದಿಯನ್ನು ಬಿಚ್ಚಲೇ ಇಲ್ಲ.

ಮರುದಿನ ಮಗ್ಗ ನೋಡಲು ಹೋದೆವು. ಪ್ರದರ್ಶನದ ದೊಡ್ಡ ಹಾಲಿನ ನೆಲ ನುಣ್ಣನೆಯ ಕಲ್ಲಿನದು, ಅಗೆಯುವ ಮಾತೇ ಇಲ್ಲ. ಅದಕ್ಕೆ ಗೋಡೆಗೆ ತಾಗಿಸಿ ಎತ್ತರದ ಕಟ್ಟಿಗೆಯ ಅಟ್ಟ ಕಟ್ಟಿ, ನಡುವೆ ಕಾಲು ಬಿಡಲು ಕಿಂಡಿ ಮಾಡಿ, ಮೇಲೆ ಮಗ್ಗ ಹೂಡಿದ್ದರು. ಕುಳಿತು ಕಾಲು ಇಳಿಬಿಟ್ಟೆ. ಕೆಳಗೆ ಮೂರೂ ಕಡೆ ಬಯಲು! ನಿಂತವರ ಎದೆಮಟ್ಟಕ್ಕೆ ನನ್ನ ಮೊಣಕಾಲು. ಥಟ್ಟನೆ ಎದ್ದುಬಿಟ್ಟೆ.

"ನಾ ಒಲ್ಲೆ. ನೀವ ನೇಯ್ರಿ."

"ಏ ಹುಚ್ಚಿ, ಹೆಣ್ಮಗಳು ನೇಯೋದು ತೋರಸಾಕ ಕರಸ್ಯಾರ. ನನ್ನ ಮೀಸಿ ನೋಡಾಕ ಯಾರ ಬರ್ತಾರ?"

ನಮಗೆ ಅಲ್ಲಿಯ ಮಾತು ತಿಳಿಸಿ ಹೇಳುತ್ತಿದ್ದ ಬೆಳಗಾವಿಯ ಹೆಣ್ಣುಮಗಳು ಬಾಯಾರು, "ಇಲ್ಲೆ ಎಲ್ಲಾ ಹೆಂಗಸ್ರೂ ಮೊಣಕಾಲ ಬಿಟ್ಕೊಂಡ ಅಡ್ಡಾಡ್ತಾರ್ರಿ ಅಕ್ಕಾರ, ಯಾರೂ ನೋಡಂಗಿಲ್ಲ," ಎಂದರು.

"ಅವು ಅವರ ಮೊಣಕಾಲ ರೀ ಬಾಯಾರ," ಎಂದೆ. ಅಷ್ಟು ಮಾತಾಡಿದ್ದೇ ನನಗೆ ಹೆಚ್ಚು.

ಬೆಳಗಾದರೆ ಜನ ಬರುವವರಿದ್ದರು. ನಾನು ಕೂಡದಿದ್ದರೆ ಬರೀ ಮಗ್ಗ ತೋರಿಸಬೇಕು. ಇಡೀ ಓಣಿಯೇ ಗದಗ ಸ್ಟೇಶನ್ನಿನ ತನಕ ಬಂದು ನಮ್ಮನ್ನು ಕಳಿಸಿತ್ತು. ನೇಯದೇ ಬಂದೆವು ಎಂದು ಅವರಿಗೆ ಹೇಗೆ ಹೇಳುವುದು? ಅಜ್ಜನ ಮುಖ ಸಣ್ಣದಾಯಿತು.

ರೂಮಿಗೆ ಬಂದು ಟ್ರಂಕು ತೆರೆದೆ. ಮೇಲೆಯೇ ಕೌದಿ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅಟ್ಟಕ್ಕೆ ಪರದೆ ಕಟ್ಟಿದೆವು. ಮುಂದೆ ಕೌದಿ, ಎರಡೂ ಪಕ್ಕಕ್ಕೆ ಅಜ್ಜನ ಧೋತರ. ಕಾಲು ಇಳಿಬಿಟ್ಟರೆ ಕೆಳಗೆಲ್ಲ ಕತ್ತಲೆ, ಥೇಟ್ ನಮ್ಮ ಮನೆಯ ಕುಣಿಯಂತೆಯೇ. ಲಾಳಿ ತಾನಾಗಿಯೇ ಓಡತೊಡಗಿತು.

ಜನ ಬಂದರು. ನನ್ನನ್ನು ನೋಡಿದವರು ಕಡಿಮೆ. ಬಗ್ಗಿ ಬಗ್ಗಿ ಕೌದಿಯ ತೇಪೆಗಳನ್ನು ಮುಟ್ಟಿದರು, ಫೋಟೋ ತೆಗೆದರು. ಒಬ್ಬ ಮುದುಕಿ ಏನೋ ಕೇಳಿದಳು.

"ಇದನ್ನ ಮಾಡಾಕ ಎಷ್ಟ ದಿನ ಹಿಡಿತು ಅಂತ ಕೇಳ್ತಾರ್ರಿ," ಎಂದರು ಬಾಯಾರು.

"ನಮ್ಮತ್ತಿ ಸೀರಿ ಎಲ್ಲಾ ಹರಿಯೂ ತನಕ ಅಂತ ಹೇಳ್ರಿ," ಎಂದರು ಅಜ್ಜ.

ಮುದುಕಿ ಜೋರಾಗಿ ನಕ್ಕು, ಒಳಗೇನಿದೆಯೋ ನೋಡೋಣವೆಂದು ಕೌದಿಯ ಅಂಚು ಎತ್ತಲು ಕೈ ಹಾಕಿದಳು. ನಾನು ಕಾಲು ಮೇಲಕ್ಕೆಳೆದುಕೊಂಡೆ. ಅಜ್ಜ ಓಡಿ ಬಂದು ಅಂಚು ಹಿಡಿದು ನಿಂತರು. ಆಮೇಲೆ ಪ್ರದರ್ಶನ ಮುಗಿಯುವ ತನಕ ನಾನು ನೇಯುವುದು, ಅವರು ಕೌದಿ ಕಾಯುವುದು.