ರಾಣಿ ಕಾಲದ ಜೋಡಿ ಕುರ್ಚಿ

ಯಾರದೇ ಮನೆಗೆ ಹೋಗಲಿ, ನಾನು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಅವರ ಕುರ್ಚಿಯ ಕಾಲನ್ನು. ಕೆಟ್ಟ ಚಾಳಿ ಎಂದು ನನಗೂ ಗೊತ್ತು. ಕೆಲವರಿಗೆ ಹಳೆಯ ನಾಣ್ಯದ ಹುಚ್ಚು, ಕೆಲವರಿಗೆ ಹಳೆಯ ಹಾಡಿನದು. ನನಗೆ ಹಳೆಯ ಕುರ್ಚಿಯದು, ಅದರಲ್ಲೂ ವಿಕ್ಟೋರಿಯಾ ಕಾಲದ ಕುರ್ಚಿಯದು. ಜಹೀರಾಬಾದಿನ ಕರೆಂಟ್ ಆಫೀಸಿನಲ್ಲಿ ಮುರುಕು ಕುರ್ಚಿಯ ಮೇಲೆ ಅರ್ಧ ಆಯುಷ್ಯ ಕಳೆದವನಿಗೆ ಇಂಥ ಹುಚ್ಚು ಹಿಡಿಯುವುದು ಸಹಜ ಎಂಬುದು ನನ್ನ ವಾದ. ನನ್ನ ಹೆಂಡತಿ ಸರೋಜ ಈ ವಾದವನ್ನು ಈವರೆಗೆ ಒಪ್ಪಿಲ್ಲ.

ಒಪ್ಪದಿರಲು ಅವಳಿಗೆ ಕಾರಣವಿದೆ. ಹಳೆಯ ಕುರ್ಚಿಯನ್ನು ಆರಿಸುವವರು ಮೊದಲು ಅದನ್ನು ಬೋರಲು ಹಾಕಿ ಅಡಿ ನೋಡಬೇಕು ಎಂದು ಬಲ್ಲವರು ಹೇಳುತ್ತಾರೆ. ಮೇಲಿನ ಹೊಳಪನ್ನು ಯಾರು ಬೇಕಾದರೂ ಕೊಟ್ಟಾರು, ಅಡಿಗೆ ಮಾತ್ರ ಸುಳ್ಳು ಹೇಳಲು ಬರುವುದಿಲ್ಲ. ಉಳಿ ಆಡಿದ ಗುರುತು, ಮರದ ಗೂಟ ಬಡಿದ ಸಂದು, ಕಾಲ ತುದಿಯ ಪುಟ್ಟ ಹಿತ್ತಾಳೆ ಗಾಲಿ, ಎಲ್ಲ ಅಲ್ಲಿಯೇ ಕಾಣುವುದು. ಸರೋಜಳ ತಂಗಿಗೆ ವರ ನೋಡಲು ನಾರಾಯಣಖೇಡಕ್ಕೆ ಹೋದಾಗ ಅವರ ಪಡಸಾಲೆಯಲ್ಲಿ ಗುಂಡು ಬೆನ್ನಿನ ಕುರ್ಚಿಯೊಂದು ಕಣ್ಣಿಗೆ ಬಿತ್ತು. ಎಲ್ಲರೂ ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ ನಾನು ಅದನ್ನು ಮಗುಚಿ, ಮಂಡಿಯೂರಿ, ಮೊಬೈಲಿನ ಬೆಳಕು ಬಿಟ್ಟುಕೊಂಡು ನೋಡುತ್ತಿದ್ದೆ. ಹುಡುಗನ ತಂದೆ ಹೊರಗೆ ಬಂದರು.

"ಏನರ ಬಿತ್ತೇನ್ರಿ?"

"ಹೌದ್ರಿ, ಅಂಗಿ ಗುಂಡಿ ಬಿತ್ತು," ಎಂದೆ.

ಆ ಸಜ್ಜನರು ತಾವೂ ಮಂಡಿಯೂರಿ, ಇಲ್ಲದ ಗುಂಡಿಯನ್ನು ನನ್ನ ಜೊತೆ ಬಹಳ ಹೊತ್ತು ಹುಡುಕಿದರು. ಸಂಬಂಧವೇನೋ ಕೂಡಿತು. ಆದರೆ ಇಂದಿಗೂ ಸಿಕ್ಕಾಗಲೆಲ್ಲ ಅವರು ಗುಂಡಿಯ ಯೋಗಕ್ಷೇಮ ವಿಚಾರಿಸುತ್ತಾರೆ, ಸರೋಜ ನನ್ನ ಕಡೆ ನೋಡುತ್ತಾಳೆ.

ಈ ಹುಚ್ಚಿಗೆ ಒಂದು ಗೌರವದ ನೆಪ ಸಿಕ್ಕಿದ್ದು ಅವ್ವನ ಮೊಳಕಾಲಿನಿಂದ. ನ್ಯಾಲ್ಕಲ್ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಮಾಸ್ತರರಾಗಿದ್ದರು. ಅವರು ತೀರಿಕೊಂಡ ಮೇಲೆ ಅವ್ವ ನಮ್ಮೊಡನೆ ಜಹೀರಾಬಾದಿನಲ್ಲಿದ್ದಾಳೆ. ಬಂದ ಹೊಸತರಲ್ಲೇ ಪಡಸಾಲೆಯ ತಾಂಡೂರು ಕಲ್ಲಿನ ನೆಲದ ಮೇಲೆ ಮೊರ ಹಿಡಿದು ಕೂತು ಬೇಳೆ ಹಸನು ಮಾಡುತ್ತ, ಓಣಿಯ ಹೆಂಗಸರನ್ನೆಲ್ಲ ಸುತ್ತ ಕೂಡಿಸಿಕೊಂಡಳು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಮೊರದಲ್ಲಿ ಕೇರಿದಂತೆ ಬೆರೆತು ಹಾರಾಡುತ್ತಿದ್ದವು. ಆಮೇಲೆ ಮೊಳಕಾಲು ಹಿಡಿದವು. ಇನ್ನು ನೆಲಕ್ಕೆ ಕೂಡಬಾರದು, ಕುರ್ಚಿಯಲ್ಲೇ ಕೂಡಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಅವ್ವ ಅಪ್ಪಣೆಯ ಅರ್ಧ ಮಾತ್ರ ಪಾಲಿಸಿದಳು. ನೆಲಕ್ಕೆ ಕೂಡುವುದನ್ನು ಬಿಟ್ಟಳು, ಕುರ್ಚಿಗೆ ಬರಲಿಲ್ಲ. ಒಳಕೋಣೆಯ ಮಂಚ ಸೇರಿಬಿಟ್ಟಳು.

ನಮ್ಮ ಕಡೆಯವರಿಗೂ ಕುರ್ಚಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಕುರ್ಚಿ ಎಂಬ ಮಾತೇ ಅರಬರ ಕಡೆಯಿಂದ ನಡೆದು ಬಂದದ್ದಂತೆ. ನಮ್ಮಲ್ಲಿ ಇದ್ದವು ಸಿಂಹಾಸನ, ಪೀಠ, ಗದ್ದುಗೆ. ಅವು ಅರಸರಿಗೆ, ದೇವರಿಗೆ, ಗುರುಗಳಿಗೆ ಆದವು. ಮಿಕ್ಕ ಮಂದಿಗೆಲ್ಲ ನೆಲ, ಬಹಳವೆಂದರೆ ಒಂದು ಮಣೆ ಇಲ್ಲವೇ ಜಮಖಾನೆ. ಅವ್ವನಿಗಂತೂ ಕುರ್ಚಿ ಎಂದರೆ ದವಾಖಾನೆ. ರಕ್ತ ತೆಗೆಸಿಕೊಳ್ಳುವಾಗ ಹೊರತು ಅವಳು ಅದರ ಮೇಲೆ ಕೂತದ್ದಿಲ್ಲ. ಪ್ಲಾಸ್ಟಿಕ್ ಕುರ್ಚಿ ತಂದರೆ "ಇದು ಜಾರ್ತದ" ಎಂದಳು. ಸೋಫಾ ತೋರಿಸಿದರೆ "ಇದರಾಗ ಮನಿಷ್ಯಾ ಮುಳುಗ್ತಾನ, ಮ್ಯಾಲ ಏಳಾಂಗಿಲ್ಲ" ಎಂದಳು. ಬಹಳ ಕಾಡಿದ ಮೇಲೆ ಒಂದು ದಿನ ನಿಜವಾದ ಕಾರಣ ಹೊರಬಂತು.

"ನಿಮ್ಮಪ್ಪ ಕಟ್ಟಿ ಮ್ಯಾಲ ಕುರ್ಚಿ ಹಾಕ್ಕೊಂಡು ಕುಂದ್ರತಿದ್ರು. ನಾ ಬಾಗಲದಾಗ ನೆಲಕ್ಕ ಕುಂತು ಮಾತಾಡ್ತಿದ್ದೆ. ಅವರ ಮುಂದ ಒಂದು ದಿನಾನೂ ಮ್ಯಾಲ ಕುಂತಿಲ್ಲ. ಈಗ ಅವರು ಹೋದ್ರಂತ ಕುಂದ್ರಲೇನು?"

ಇದಕ್ಕೆ ಯಾವ ಡಾಕ್ಟರು ಏನು ಹೇಳಿಯಾನು? ಓಣಿಯ ಹೆಂಗಸರು ಕೆಲವು ದಿನ ಕೋಣೆಯ ಬಾಗಿಲಲ್ಲಿ ಇಣುಕಿ ಮಾತಾಡಿಸಿದರು. ಮಲಗಿದವರ ಹತ್ತಿರ ಎಷ್ಟು ಹೊತ್ತು ನಗಲು ಬರುತ್ತದೆ? ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗುವುದು ಹೆಚ್ಚಾಯಿತು. ಸಂಜೆ ಆಫೀಸಿನಿಂದ ಬಂದು ಖಾಲಿ ಪಡಸಾಲೆಯಲ್ಲಿ ಚಪ್ಪಲಿ ಬಿಡುವಾಗ ನನಗೆ ಹೆದರಿಕೆಯಾಗುತ್ತಿತ್ತು. ಮೊಳಕಾಲಿನ ನೋವಿನಿಂದ ಯಾರೂ ಹೋಗುವುದಿಲ್ಲ. ಹೀಗೆ ಮಾತು ಬಿಟ್ಟವರು ಹೋಗಿಬಿಡುತ್ತಾರೆ.

ಅವ್ವನಿಗೆ ಒಪ್ಪುವಂಥ ಒಂದು ಕುರ್ಚಿ ತರುತ್ತೇನೆಂದು ಹೇಳಿ ನಾನು ತಾಂಡೂರಿಗೆ ಹೊರಟೆ. ಅಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ, ಮುರಿದ ಗಡಿಯಾರಗಳ ಹಿಂದೆ ಅದು ನಿಂತಿತ್ತು. ಸಾಗವಾನಿ ಮರ, ಎತ್ತರದ ಬೆನ್ನು, ಎರಡು ತೋಳು, ತೋಳಿನ ತುದಿಗೆ ಸುರುಳಿ, ಸೀಟಿನ ತುಂಬ ಕುದುರೆಗೂದಲು. ಬೋರಲು ಹಾಕಿ ನೋಡಿದೆ. ಅಪ್ಪಟ ಮಾಲು. ಕೂತು ನೋಡಿದೆ, ನನಗೆಂದೇ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಮೊಳಕಾಲು ಅವ್ವನವು, ಕುರ್ಚಿಯ ಅಳತೆ ನನ್ನದು ಎಂಬ ಸಣ್ಣ ವ್ಯತ್ಯಾಸ ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬಿಟ್ಟು ಬರುತ್ತಿದ್ದೆನೆಂದು ಹೇಳಲಾರೆ.

ಅಂಗಡಿಯ ಮುದುಕ ಮಿಯಾ ಅದರ ಹಿಂದಿನಿಂದ ಇನ್ನೊಂದನ್ನು ಎಳೆದು ತಂದ. ಅದೇ ಮರ, ಅದೇ ಸುರುಳಿ, ಆದರೆ ಗಿಡ್ಡದು, ತೋಳಿಲ್ಲ, ಸೀಟು ಮಾತ್ರ ಅಗಲ. ನನಗೆ ಒಂದೇ ಸಾಕು ಎಂದೆ. ಮುದುಕನ ಮುಖ ಸಪ್ಪಗಾಯಿತು.

"ಮಿಯಾ-ಬೀಬಿ ಹೈಂ ಸಾಬ್. ಅಲಗ್ ನಕ್ಕೋ ಕರೋ."

ಗಂಡ ಹೆಂಡಿರನ್ನು ಅಗಲಿಸಿದ ಪಾಪ ನನಗೇಕೆ? ಎರಡನ್ನೂ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದೆ.

"ಒಂದು ತರ್ತೀನಂತ ಹೋಗಿ ಎರಡು ತಂದೀರಿ. ಅತ್ತಿ ಯಾವುದ್ರಾಗ ಕುಂದ್ರಬೇಕ್ರಿ?" ಎಂದಳು ಸರೋಜ.

ಅವ್ವ ಗೋಡೆ ಹಿಡಿದು ಬಂದು ದೊಡ್ಡ ಕುರ್ಚಿಯನ್ನು ಸುತ್ತಿ ನೋಡಿದಳು. "ಛಲೋ ಅದ. ಕಚೇರಿಗೆ ಒಪ್ತದ," ಎಂದು ಮತ್ತೆ ಮಂಚಕ್ಕೆ ಹೋದಳು. ನನ್ನ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು. ದೊಡ್ಡದರಲ್ಲಿ ನಾನೇ ಕೂತು ಪೇಪರು ಓದತೊಡಗಿದೆ. ಕಳ್ಳನಿಗೆ ಶಿಕ್ಷೆ ಹೇಳಲು ಕೂತ ನ್ಯಾಯಾಧೀಶನ ಹಾಗೆ ಕಾಣುತ್ತೇನೆಂದು ಸರೋಜಳ ಅಭಿಪ್ರಾಯ. ಗಿಡ್ಡ ಕುರ್ಚಿ ಅಡುಗೆಮನೆಯ ಬಾಗಿಲಿಗೆ ಸರಿದು, ಇಸ್ತ್ರಿಗೆ ಕೊಡುವ ಬಟ್ಟೆಯ ಗುಡ್ಡೆ ಹೊರತೊಡಗಿತು.

ಒಂದು ಸಂಜೆ ಬಂದಾಗ ಆ ಬಟ್ಟೆಯ ಗುಡ್ಡೆ ಸೋಫಾದ ಮೇಲಿತ್ತು. ಗಿಡ್ಡ ಕುರ್ಚಿಯ ಮೇಲೆ ಅವ್ವ ಇದ್ದಳು. ಒಂದು ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು, ಇನ್ನೊಂದನ್ನು ಇಳಿಬಿಟ್ಟು, ತೊಡೆಯ ಮೇಲೆ ಮೊರ ಹಿಡಿದು ತೊಗರಿಬೇಳೆ ಕೇರುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ.

"ಹಂಗ್ಯಾಕ ನೋಡ್ತಿ? ಇದೇನ್ ಕುರ್ಚಿ ಅಲ್ಲ ಬಿಡು. ಕಾಲಿದ್ದ ಮಣೆ ಅದ," ಎಂದಳು.

ಆಮೇಲೆ ಓದಿ ತಿಳಿದುಕೊಂಡೆ. ಆ ಕಾಲದ ಆಂಗ್ಲ ಹೆಂಗಸರು ಉಡುತ್ತಿದ್ದ ಲಂಗ ಬಣವೆಯಷ್ಟು ಅಗಲ. ತೋಳಿರುವ ಕುರ್ಚಿಯಲ್ಲಿ ಅದು ಹಿಡಿಸುತ್ತಿರಲಿಲ್ಲ. ಅದಕ್ಕೇ ಗಂಡಸಿಗೆ ಎತ್ತರದ ತೋಳುಕುರ್ಚಿ, ಹೆಂಗಸಿಗೆ ತೋಳಿಲ್ಲದ ಗಿಡ್ಡದು, ಹೀಗೆ ಜೋಡಿಯಾಗಿ ಮಾಡಿದರಂತೆ. ಯಾವ ಬಡಗಿಯೋ ಯಾವ ದೊರೆಸಾನಿಯ ಲಂಗಕ್ಕೆಂದು ಬಿಟ್ಟ ಜಾಗ ನ್ಯಾಲ್ಕಲ್ಲಿನ ನಮ್ಮವ್ವ ಕಾಲು ಮಡಚಲು ಒದಗಿತು. ಇದನ್ನೆಲ್ಲ ತೂಗಿ ನೋಡಿಯೇ ತಂದೆ ಎಂದು ಆಫೀಸಿನಲ್ಲಿ ಹೇಳಿಕೊಂಡೆ. ಮನೆಯಲ್ಲಿ ಹೇಳುವ ಧೈರ್ಯವಾಗಲಿಲ್ಲ.

ಗಿಡ್ಡ ಕುರ್ಚಿ ಪಡಸಾಲೆಗೆ, ದೊಡ್ಡದರ ಪಕ್ಕಕ್ಕೆ ಬಂತು. ಅದರ ಹಿಂದೆಯೇ ಓಣಿಯ ಹೆಂಗಸರೂ ಬಂದರು. ಮೊನ್ನೆ ಭಾನುವಾರ ಅವರೆಲ್ಲ ಚಾಪೆಯ ಮೇಲೆ ಕೂತು ಹರಟುತ್ತಿದ್ದರು. ನಾನು ಪೇಪರು ಹಿಡಿದು ಬಂದು ನನ್ನ ದೊಡ್ಡ ಕುರ್ಚಿಯಲ್ಲಿ ಕೂತೆ. ಅವ್ವ ಮೊರ ಆಡಿಸುವುದನ್ನು ನಿಲ್ಲಿಸಿದಳು.

"ಏಳಪ್ಪಾ. ಅದು ನಿಮ್ಮಪ್ಪನ ಜಾಗ."

ನಾನು ಎದ್ದೆ. ಸರೋಜ ಮಾತ್ರ ನಗುತ್ತ ಕೇಳಿದಳು: "ಹಂಗಾದ್ರ ಅತ್ತಿ, ಮಾವನೋರ ಮುಂದ ನೀವು ಮ್ಯಾಲ ಕುಂತಂಗಾತಲ್ರಿ?"

ಅವ್ವ ದೊಡ್ಡ ಕುರ್ಚಿಯ ಸೀಟು ನೋಡಿದಳು, ತನ್ನ ಸೀಟು ನೋಡಿದಳು, ನಡುವೆ ಕೈಯಿಟ್ಟು ಅಳೆದಳು.

"ಗೇಣು ಕೆಳಗೇ ಅದೀನಲ್ಲ. ಇಷ್ಟು ವರ್ಷ ನೆಲಕ್ಕ ಕುಂತೀನಿ. ಇನ್ ಮ್ಯಾಲ ಅವರಿಗೆ ಒಂದು ಗೇಣು ಸಾಕು."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಹೆಚ್ಚು ಅವ್ವ ನಕ್ಕಳು.

ನಾನು ಪೇಪರು ಮಡಚಿ, ಅವಳ ಕಾಲ ಹತ್ತಿರ ನೆಲದ ಮೇಲೆ ಕೂತು ಬೇಳೆಯಲ್ಲಿ ಹರಳು ಆರಿಸತೊಡಗಿದೆ. ಈಗ ಪ್ರತಿ ಭಾನುವಾರ ನನ್ನ ಜಾಗ ಅದೇ. ಅಲ್ಲಿಂದ ಎರಡೂ ಕುರ್ಚಿಗಳ ಅಡಿ, ಏನನ್ನೂ ಬೋರಲು ಹಾಕದೆ, ಚೆನ್ನಾಗಿ ಕಾಣುತ್ತದೆ.