ಮೇಷ್ಟ್ರ ತಟ್ಟೆ

ಹೋದ ವಾರ ಕುಬಟೂರಿನಿಂದ ಒಬ್ಬರು ಪಿಂಗಾಣಿ ತಟ್ಟೆಯೊಂದನ್ನು ಗೋಣಿಚೀಲದ ತುಂಡಿನಲ್ಲಿ ಸುತ್ತಿ ತಂದುಕೊಟ್ಟರು. ಬಿಚ್ಚಿದ ಕೂಡಲೇ ಮೂಗಿಗೆ ಬಡಿದದ್ದು ಕೊಟ್ಟಿಗೆಯ ವಾಸನೆ. ಒಣಹುಲ್ಲು, ಗಂಜಲ, ಹಳೆಯ ಸುಣ್ಣ ಎಲ್ಲ ಸೇರಿದ್ದು. ಪಿಂಗಾಣಿಗೆ ವಾಸನೆ ಹಿಡಿಯುವುದಿಲ್ಲ ಎನ್ನುತ್ತಾರೆ. ನಿಜ, ಆದರೆ ಅಂಚಿನ ಕೆಳಗೆ ಬೆರಳು ಹೋಗದ ಕಡೆ ಕೂತ ಕೊಳೆಗೆ ಹಿಡಿಯುತ್ತದೆ. ಹುಣಿಸೆಹಣ್ಣು ಹಾಕಿ ಎರಡು ಸಲ ತಿಕ್ಕಿದೆ. ಬಿಳಿಯ ಮೇಲೆ ನೀಲಿ ಬಳ್ಳಿ, ನಡುವೆ ಒಂದು ಜೋಡಿ ಹಕ್ಕಿ ಕಾಣಿಸಿಕೊಂಡವು. ಚಂದದ ತಟ್ಟೆ. ಎಲ್ಲಿತ್ತು ಇದು ಎಂದು ತಂದವರನ್ನು ಕೇಳಿದೆ.

"ಕೊಟ್ಟಿಗೆ ಗೂಡಿನಾಗ ಇತ್ತು ರೀ. ಹಳೇ ಗೋಡೆ ಕೆಡವೋವಾಗ ಸಿಕ್ತು."

"ಯಾರ ತಟ್ಟೆ?"

"ಯಾರೋ ಆಳಿಂದಿರಬೇಕು. ಅದೆಲ್ಲ ಯಾರಿಗೆ ನೆನಪಿರ್ತದ್ರೀ?"

ಅವರು ಹೋದ ಮೇಲೆ ಒದ್ದೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತುಬಿಟ್ಟೆ. ಒರೆಸಲೂ ಬೇಸರ. ನೆನಪಿಲ್ಲ ಎನ್ನುವವರೇ ಪುಣ್ಯವಂತರು. ನನಗೆ ನೆನಪಿದೆ...

ನಾನು ಸೊರಬದ ಕಡೆಯವಳು. ಮದುವೆಯಾಗಿ ಶಿಕಾರಿಪುರಕ್ಕೆ ಬಂದು, ಇಲ್ಲಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ಹಳೆಯ ಹೂವಿನ ತಟ್ಟೆಗಳನ್ನು ಕೂಡಿಹಾಕುವ ಹುಚ್ಚು ಮೂವತ್ತು ವರ್ಷದ್ದು. "ಊರ ಹೆಂಗಸರೆಲ್ಲ ಬಂಗಾರ ಕೂಡಿಟ್ರೆ ನಮ್ಮಾಕಿ ಮಣ್ಣು ಕೂಡಿಟ್ಲು" ಎಂದು ಯಜಮಾನರು ನೆಂಟರ ಮುಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ತಟ್ಟೆ ಗೋಡೆಗೇರಿಸಲು ಮೊಳೆ ಹೊಡೆದುಕೊಡುವವರೂ ಅವರೇ. ಈ ಹುಚ್ಚು ಹತ್ತಿಸಿದವರು ಮಾತ್ರ ನನ್ನ ಬಾಲ್ಯದ ಮೇಷ್ಟ್ರು.

ಅವರು ನಮ್ಮೂರ ಶಾಲೆಯ ಮೇಷ್ಟ್ರು. ಗುಡವಿ ಹತ್ತಿರದ ಒಂದು ಹಳ್ಳಿಯವರು, ಅಲ್ಲಿನ ಊರ ಹೊರಗಿನ ಕೇರಿಯವರು. ಆ ಕೇರಿಯಿಂದ ಓದಿ ಮೇಲೆ ಬಂದ ಮೊದಲನೆಯವರಂತೆ. ತೆಳ್ಳಗೆ, ಉದ್ದಕ್ಕೆ ಇದ್ದರು. ಅಂಗಿಯ ತೋಳನ್ನು ಎಂದೂ ಮಡಚುತ್ತಿರಲಿಲ್ಲ. ಅಜ್ಜ ಹೇಳಿದ್ದರಿಂದ ಭಾನುವಾರ ಬೆಳಿಗ್ಗೆ ಮನೆಗೆ ಬಂದು ನನಗೆ ಲೆಕ್ಕ, ಚಿತ್ರ ಕಲಿಸುತ್ತಿದ್ದರು. ಪಾಠ ಜಗಲಿಯ ಮೇಲೆ. ಜಗಲಿ ದಾಟಿ ಅವರು ಒಳಗೆ ಬಂದದ್ದನ್ನು ನಾನು ಕಾಣೆ. ಗಾಳಿ ಚೆನ್ನಾಗಿ ಬರುತ್ತದೆ, ಅದಕ್ಕೇ ಅಲ್ಲಿ ಕೂರುತ್ತಾರೆ ಎಂದುಕೊಂಡಿದ್ದೆ.

ಪಾಠ ಮುಗಿದ ಮೇಲೆ ಅಜ್ಜಿ ಅವಲಕ್ಕಿ ತರುತ್ತಿದ್ದಳು. ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಕೈತುಂಬ ಶೇಂಗಾ, ಕಾಯಿತುರಿ ಹಾಕಿ ಕಲಸಿದ ಅವಲಕ್ಕಿ. ಅಜ್ಜಿ ಜಿಪುಣಿಯಾಗಿರಲಿಲ್ಲ. "ಉಣ್ರಿ ಮೇಷ್ಟ್ರೇ, ಹುಡುಗಿ ಜೊತೆ ಗಂಟಲು ಹರ್ಕಂಡೀರಿ" ಎಂದು ಎರಡನೆಯ ಸಲ ಹಾಕದೆ ಬಿಡುತ್ತಿರಲಿಲ್ಲ. ಹಾಕುತ್ತಿದ್ದದ್ದು ಮೇಲಿನಿಂದ, ತಟ್ಟೆಗೆ ಕೈ ತಾಗದ ಹಾಗೆ.

ಆ ತಟ್ಟೆಯೋ! ನಾವೆಲ್ಲ ಉಣ್ಣುತ್ತಿದ್ದದ್ದು ಮಾಸಿದ ಹಿತ್ತಾಳೆ ತಟ್ಟೆಯಲ್ಲಿ. ಮೇಷ್ಟ್ರಿಗೆ ಮಾತ್ರ ಹಾಲುಬಿಳಿ ಪಿಂಗಾಣಿ. ಅಂಚಿಗೆ ನೀಲಿ ಪಟ್ಟಿ, ನಟ್ಟನಡುವೆ ಅಂಗೈಯಗಲದ ಕೆಂಪು ಗುಲಾಬಿ. ಅದು ಇರುತ್ತಿದ್ದದ್ದು ಜಗಲಿಯ ಕೊನೆಯ ಗೂಡಿನಲ್ಲಿ. ಪಿಂಗಾಣಿಗೆ ಮೂಳೆಯ ಪುಡಿ ಹಾಕುತ್ತಾರೆ ಎಂದು ಅಜ್ಜಿ ಅದನ್ನು ಅಡುಗೆಮನೆಗೆ ಸೇರಿಸುತ್ತಿರಲಿಲ್ಲ. ಒಮ್ಮೆ ಗುಲಾಬಿ ಸವರಲು ಕೈ ಹಾಕಿದ್ದಕ್ಕೆ ಗದರಿದ್ದಳು. "ಏ, ಅದು ಮೇಷ್ಟ್ರ ತಟ್ಟೆ, ಮುಟ್ಟಬ್ಯಾಡ!"

ಎಂಟು ವರ್ಷದ ನನಗೆ ಇದರಿಂದ ಆದದ್ದು ಹೆಮ್ಮೆ. ಮುಂದಿನ ಭಾನುವಾರ ಮೇಷ್ಟ್ರ ಎದುರು ಕೂತು ಹೇಳಿಯೂಬಿಟ್ಟೆ. "ಮೇಷ್ಟ್ರೇ, ನಮ್ಮನೇಲಿ ಎಲ್ಲಕ್ಕಿಂತ ಚಂದದ ತಟ್ಟೆ ನಿಮಗೇ ಇಟ್ಟಾರೆ. ಅಜ್ಜಂಗೂ ಕೊಡಲ್ಲ. ನಾವು ಯಾರೂ ಮುಟ್ಟೋ ಹಾಗೇ ಇಲ್ಲ!"

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಒಳಗೆ ಹೋದಳು. ಮೇಷ್ಟ್ರು ಬಾಯಲ್ಲಿದ್ದ ತುತ್ತು ನುಂಗಿ ನಕ್ಕರು. "ಹೌದಲ್ಲ ತಂಗಿ. ಇಂಥ ಮರ್ಯಾದೆ ಯಾರಿಗೆ ಸಿಗ್ತದೆ."

ಆಮೇಲೆ ಉಳಿದ ಅವಲಕ್ಕಿಯನ್ನು ಅಂಚಿಗೆ ಸರಿಸಿ, ತಟ್ಟೆಯನ್ನು ನನ್ನ ಕಡೆ ತಿರುಗಿಸಿ ಗುಲಾಬಿ ತೋರಿಸಿದರು. "ಇಲ್ಲಿ ನೋಡು. ಕೆಂಪು ಗೆರೆ ದಾಟಿ ಆಚೆ ಹೋಗ್ಯದೆ. ಅಚ್ಚು ಒತ್ತಿದ್ದಲ್ಲ ಇದು, ಯಾರೋ ಕೈಯಲ್ಲಿ ಬರೆದದ್ದು. ಪಾಪ, ಅವರಿಗೇನೋ ಅವಸರ ಇತ್ತು ಕಾಣ್ತದೆ." ಅವತ್ತಿನ ಚಿತ್ರದ ಪಾಠ ಆ ಗುಲಾಬಿಯೇ. ತಟ್ಟೆಯನ್ನು ನೋಡುವುದು ಹೇಗೆ ಎಂದು ನಾನು ಕಲಿತದ್ದು ಅಲ್ಲಿ. ಇವತ್ತಿಗೂ ಯಾರಾದರೂ ತಟ್ಟೆ ತಂದರೆ ಬಣ್ಣ ಎಲ್ಲಿ ಗೆರೆ ದಾಟಿದೆ ಎಂದೇ ಮೊದಲು ಹುಡುಕುತ್ತೇನೆ.

ತಿಂದಾದ ಮೇಲೆ ಮೇಷ್ಟ್ರು ಕೊಟ್ಟಿಗೆಯ ಬಾನಿಯ ಹತ್ತಿರ ಹೋಗಿ ತಟ್ಟೆ ತೊಳೆದು, ಎರಡು ಸಲ ಒದರಿ, ಗೂಡಿನಲ್ಲಿ ಬೋರಲು ಹಾಕುತ್ತಿದ್ದರು. ತಮ್ಮ ವಸ್ತುವಿನ ಮೇಲೆ ಎಷ್ಟು ಕಾಳಜಿ ಎಂದುಕೊಳ್ಳುತ್ತಿದ್ದೆ...

ಅಜ್ಜಿ ತೀರಿಕೊಂಡು ಮನೆ ಪಾಲಾದಾಗ ಅಣ್ಣಂದಿರು ಹಿತ್ತಾಳೆ, ತಾಮ್ರ ಹಂಚಿಕೊಂಡರು. ನನಗೆ ಗುಲಾಬಿ ತಟ್ಟೆ ಸಾಕು ಎಂದೆ. "ಎತ್ಕಂಡು ಹೋಗೇ ಮಾರಾಯ್ತಿ, ಇಲ್ಲಾಂದ್ರೆ ತಿಪ್ಪೆಗೆ ಹೋಗದು" ಎಂದು ನಕ್ಕರು. ನನ್ನ ಸಂಗ್ರಹದ ಮೊದಲನೆಯ ತಟ್ಟೆ ಅದು. ಆಮೇಲೆ ಬಳ್ಳಿಗಾವಿ, ಕುಬಟೂರು, ಸೊರಬದ ಸುತ್ತಿನ ಹಳ್ಳಿಗಳು... ಹಳೆಯ ಮನೆ ಕೆಡವುತ್ತಾರೆ ಎಂದು ಸುದ್ದಿ ಬಂದರೆ ಸಾಕು, ರಜೆ ಹಾಕಿ ಓಡುತ್ತಿದ್ದೆ. ನಲವತ್ತಕ್ಕೂ ಹೆಚ್ಚು ತಟ್ಟೆ ಗೋಡೆಗೇರಿದವು. ನಡುವೆ ಗುಲಾಬಿ.

ನಾಲ್ಕು ವರ್ಷದ ಕೆಳಗೆ ಮೇಷ್ಟ್ರು ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಕಣ್ಣು ತೋರಿಸಲು ಬಂದಿದ್ದರಂತೆ. ಬೆನ್ನು ಬಾಗಿತ್ತು, ಅಂಗಿಯ ತೋಳು ಈಗಲೂ ಹಾಗೇ ಮಣಿಕಟ್ಟಿನವರೆಗೆ. ನಾನು ಕಾಲಿಗೆ ಬಿದ್ದದ್ದು ನೋಡಿ ಸುತ್ತಲಿದ್ದವರೆಲ್ಲ ತಿರುಗಿದರು. ಬೇಡ ಬೇಡ ಎಂದರೂ ಬಿಡದೆ ಆಟೋ ಹತ್ತಿಸಿ ಮನೆಗೆ ಕರೆತಂದೆ. ಎರಡು ಸಲ ಹೇಳಿದ ಮೇಲೆ ಸೋಫಾದ ತುದಿಯಲ್ಲಿ ಕೂತರು. ಗೋಡೆಯನ್ನು ನೋಡಿದರು. ಗುಲಾಬಿಯ ಮೇಲೆ ಕಣ್ಣು ನಿಂತಿತು.

ನನಗೋ ಸಂತೋಷದ ಹುಚ್ಚು. ಸ್ಟೂಲು ಹತ್ತಿ ತಟ್ಟೆ ಇಳಿಸಿದೆ. ತೊಳೆದು, ಅಜ್ಜಿಯ ಹಾಗೆಯೇ ಅವಲಕ್ಕಿ ಕಲಸಿ ಅದರಲ್ಲಿ ತಂದಿಟ್ಟೆ. ಪಕ್ಕದಲ್ಲಿ ಕೂತ ಯಜಮಾನರಿಗೆ ಸ್ಟೀಲಿನ ತಟ್ಟೆ. "ನೋಡಿ ಮೇಷ್ಟ್ರೇ, ನಿಮ್ಮ ತಟ್ಟೆ ಎಷ್ಟು ಜೋಪಾನ ಮಾಡೀನಿ!" ಎಂದೆ.

"ಹೌದಲ್ಲ ತಂಗಿ" ಎಂದರು. ಒಂದು ಕಾಳೂ ಬಿಡದೆ ತಿಂದರು. ತಿಂದು, ತಟ್ಟೆ ಹಿಡಿದುಕೊಂಡೇ ಎದ್ದರು. "ಹಿತ್ತಲ ಕಡೆ ನಲ್ಲಿ ಎಲ್ಲಿ ಅದೆ ತಂಗಿ?"

ಇಲ್ಲಿ ಕೊಡಿ ಎಂದು ಹಿಂದೆಯೇ ಓಡಿದೆ. ಅಷ್ಟರಲ್ಲಿ ಅವರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಗ್ಗಿ ತಟ್ಟೆ ತೊಳೆಯುತ್ತಿದ್ದರು. ಎಂಬತ್ತು ದಾಟಿದ ಕೈ. ತೊಳೆದರು, ಎರಡು ಸಲ ಒದರಿದರು, ಬೋರಲು ಹಾಕಲು ಗೂಡಿಗಾಗಿ ಅತ್ತ ಇತ್ತ ನೋಡಿದರು. ಆಗ ನನಗೆ ಗೊತ್ತಾಯಿತು.

ಅಲ್ಲಿಯವರೆಗೆ ಗೊತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಅಂಥದ್ದೊಂದು ಇತ್ತು ಎಂದು ಗೊತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಅದರ ಪಾಠವನ್ನೇ ಹೇಳಿದವಳು ನಾನು, ಪರೀಕ್ಷೆಗೆ ಪ್ರಶ್ನೆಯನ್ನೂ ತೆಗೆದವಳು. ಆದರೆ ಅದು ಬೇರೆಯವರ ಮನೆಯದು, ಪುಸ್ತಕದೊಳಗಿನದು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಮೇಷ್ಟ್ರು ತಟ್ಟೆಯನ್ನು ಕಲ್ಲಿನ ಮೇಲೆಯೇ ಬೋರಲು ಹಾಕಿ, ಕೈ ಒರೆಸಿಕೊಂಡು, "ಹೊತ್ತಾತು ತಂಗಿ, ಆಮೇಲೆ ಬಸ್ ಸಿಗದಿಲ್ಲ" ಎಂದು ಹೊರಟರು. ನನಗೆ ಬೇಸರವಾಗಬಾರದೆಂದು ಬಾಗಿಲಲ್ಲಿ ನಿಂತು ಅವಲಕ್ಕಿಯನ್ನು ಹೊಗಳಿದರು.

ಅವರು ಹೋದ ಮೇಲೆ ಗೋಡೆಯ ಮುಂದೆ ನಿಂತು ಒಂದೊಂದೇ ತಟ್ಟೆ ಎಲ್ಲಿ ಸಿಕ್ಕಿತ್ತೆಂದು ನೆನಪಿಸಿಕೊಂಡೆ. ಜಗಲಿಯ ಗೂಡು, ಕೊಟ್ಟಿಗೆಯ ಮಾಡು, ಬಚ್ಚಲ ಪಕ್ಕದ ಹಲಗೆ. ಒಂದೇ ಒಂದು ತಟ್ಟೆಯೂ ಅಡುಗೆಮನೆಯಿಂದ ಬಂದದ್ದಾಗಿರಲಿಲ್ಲ. ಇಷ್ಟು ವರ್ಷ ಒಡೆಯದೆ ಹೇಗೆ ಉಳಿದವು ಎಂದು ನಾನು ಬೆರಗಾಗುತ್ತಿದ್ದೆ. ಮನೆಯವರು ಯಾರೂ ಮುಟ್ಟುತ್ತಿರಲಿಲ್ಲ, ಅದಕ್ಕೇ ಉಳಿದಿದ್ದವು.

ಮೇಷ್ಟ್ರ ಮನೆಗೆ ಹೋಗಬೇಕು, ತಪ್ಪಾಯಿತು ಎನ್ನಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಹೋದರೆ ಎರಡು, ಎರಡೂವರೆ ಗಂಟೆಯ ದಾರಿ. ಹೋಗಲಿಲ್ಲ. ಒಮ್ಮೆ ಮಂಡಿನೋವು, ಒಮ್ಮೆ ಮಗಳ ಬಾಣಂತನ, ಒಮ್ಮೆ ಏನೂ ಇಲ್ಲದೆ ಬರೀ ಸುಸ್ತು. ನಿಜ ಹೇಳಬೇಕೆಂದರೆ ಹೆದರಿಕೆ. ಎರಡು ಸಲ ಫೋನು ಮಾಡಿದೆ. ಕಣ್ಣು ಹೇಗಿದೆ, ಮಳೆ ಹೇಗಿದೆ ಎಂದು ಕೇಳಿ ಇಟ್ಟೆ. ಎರಡೂ ಸಲ ಅವರು "ಒಂದಿನ ಬಾ ತಂಗಿ, ಕೆರೆ ತುಂಬ ಹಕ್ಕಿ ಬಂದ್ಯಾವೆ" ಎಂದರು.

ಹೋದ ವರ್ಷ ಅವರ ಮಗ ಫೋನು ಮಾಡಿದರು. ಮೇಷ್ಟ್ರು ಹೋಗಿಬಿಟ್ಟಿದ್ದರು. ನಿದ್ದೆಯಲ್ಲೇ ಹೋದರಂತೆ.

ಹನ್ನೊಂದನೆಯ ದಿನಕ್ಕೆ ಹೋದೆ. ಅಂಗಳದಲ್ಲಿ ಶಾಮಿಯಾನ, ಸಾಲಾಗಿ ಊಟಕ್ಕೆ ಕೂತ ಜನ. ನನ್ನನ್ನು ಮಾತ್ರ ಒಳಗೆ ಕರೆದೊಯ್ದು, ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ಮೇಷ್ಟ್ರ ಫೋಟೋಕ್ಕೆ ಕೈ ಮುಗಿದೆ. ಸ್ವಲ್ಪ ಹೊತ್ತಿಗೆ ಅವರ ಸೊಸೆ ಬಂದು ನನ್ನ ಮುಂದಿನ ಸ್ಟೂಲಿನ ಮೇಲೆ ಹೋಟೆಲಿನ ಪಾರ್ಸೆಲ್ಲು, ಬಿರಡೆ ಬಿಚ್ಚದ ನೀರಿನ ಬಾಟಲಿ ಇಟ್ಟರು.

"ಇದ್ಯಾಕಮ್ಮ?" ಎಂದೆ.

"ಮಾವಾರು ಮೊದ್ಲೇ ಹೇಳಿಟ್ಟಿದ್ರು ರೀ. ಶಿಕಾರಿಪುರದ ಟೀಚರ್ ಯಾವತ್ತಾರೂ ಬಂದ್ರೆ ಹೋಟ್ಲಿಂದ ತರ್ಸಿ, ಅವ್ರಿಗೆ ಮುಜುಗರ ಮಾಡ್ಬ್ಯಾಡಿ ಅಂತ."

"ನಾನು ಅಲ್ಲೇ ಸಾಲಲ್ಲಿ ಕೂತು ಉಣ್ತೀನಮ್ಮ."

ಆಕೆಗೆ ಗಾಬರಿಯಾಯಿತು. ಊಟದಲ್ಲಿ ಏನೋ ಕೊರತೆಯಾಯಿತು ಎಂದುಕೊಂಡರೋ ಏನೋ. "ಅಯ್ಯೋ, ಹೋಟ್ಲಿಂದು ರೀ ಇದು, ಹಂಗೇ ತಂದಿದ್ದು. ನಾವು ಯಾರೂ ಮುಟ್ಟಿಲ್ಲ" ಎಂದರು.

ಆ ಮುಖದಲ್ಲಿ ಕೊಂಕಿರಲಿಲ್ಲ, ಅಜ್ಜಿ ಅವಲಕ್ಕಿ ಹಾಕುವಾಗ ಇರುತ್ತಿದ್ದಂಥ ಅಕ್ಕರೆಯೇ ಇತ್ತು. ನಾನು ಅಳುತ್ತಲೇ ಹೊರಗೆ ಬಂದು ಸಾಲಿನ ಕೊನೆಯಲ್ಲಿ ಕೂತೆ. ಬಾಳೆಲೆಯಲ್ಲಿ ಅನ್ನ, ಸಾರು, ಪಾಯಸ. ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ. ಪಕ್ಕದಲ್ಲಿ ಕೂತ ಮುದುಕಿ, ಮೇಷ್ಟ್ರ ತಂಗಿಯಂತೆ, ನನ್ನನ್ನೇ ನೋಡುತ್ತಿದ್ದಳು. ಉಂಡೆ, ಆದರೆ ನೋಡಬೇಕಾದವರು ನೋಡಲಿಲ್ಲ.

ಈಗಲೂ ಜನ ತಟ್ಟೆ ತರುತ್ತಾರೆ, ಬೇಡ ಎನ್ನಲೂ ದಣಿವಾಗಿ ಇಟ್ಟುಕೊಳ್ಳುತ್ತೇನೆ. ಗೋಡೆ ನೋಡಲು ಬಂದವರು ಹೊಗಳುತ್ತಾರೆ, ಫೋಟೋ ತೆಗೆಯುತ್ತಾರೆ. ಮೇಷ್ಟ್ರ ವಿಷಯ ಯಾರಿಗೂ ಹೇಳುವುದಿಲ್ಲ. ಅವರ ಮನಸ್ಸಿನಲ್ಲಿ ನಾನು ಕೊನೆಯವರೆಗೂ ಅವರ ಮನೆಯ ನೀರು ಮುಟ್ಟದವಳಾಗಿಯೇ ಉಳಿದೆ. ಹಾಗೆ ತಿಳಿದದ್ದಕ್ಕೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ, ಅದು ಸುಳ್ಳು ಎನ್ನಲು ಅವರು ಇರುವ ತನಕ ನಾನು ಏನೂ ಮಾಡಿರಲಿಲ್ಲ.